ಕಾಯಲ್ಲದ ಕಾಯಿ

ಕೌಲ್‌ಬಜಾರಿನ ನಮ್ಮ ಅಂಗಳಕ್ಕೆ
ಹುಸೇನ್‌ಬಾಷನ ತಳ್ಳುಗಾಡಿ ಮೇಲೆ
ಚರ್ಚಿನ ಬೆಂಚೊಂದು ಬಂತು, ಕಾಲು ಮುರಿದು.
ಅಪ್ಪ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ಮೂಸಿದ.
ತೇಗವಲ್ಲ. ಮತ್ತಿಯಲ್ಲ. ಬೇವಂತೂ ಅಲ್ಲವೇ ಅಲ್ಲ.
ನಾರಿಗೆ ಅಡ್ಡಲಾಗಿ ಬೆಳ್ಳಿ ಮಿನುಗು,
ಕೆರೆಯ ತಳದಲ್ಲಿ ಮೀನು ಮಗ್ಗುಲಾದಂತೆ.

ಓಕ್, ಎಂದರು ಪಾದ್ರಿ ದೇವಪುತ್ರಪ್ಪ.
ಹಡಗಿನಲ್ಲಿ ಬಂದದ್ದಂತೆ, ದಂಡಿನವರ ಕಾಲಕ್ಕೆ.
ಅಜ್ಜಿಗೆ ಸಮಾಧಾನವಿಲ್ಲ:
"ಓ ಅಂತ ಬಾಯಿ ತೆರೆಯೋದ್ರೊಳಗ
ಕ್ ಅಂತ ಬಾಗಿಲು ಹಾಕಿದಂಗಾತು.
ಇದೂ ಒಂದು ಹೆಸರೇನ?"

ನಮ್ಮೂರ ಹೆಸರು ಹೊತ್ತ ಮರ ಬೇರೆ ಇದೆ.
ಅದೂ ಕಡಲಾಚೆಯದೇ,
ಸೀಮೆಯೆಲ್ಲ ಹಬ್ಬಿ ಬಳ್ಳಾರಿ ಜಾಲಿಯಾಯಿತು.
ಎಲ್ಲೋ ಯಾರಿಗೋ ಮುಳ್ಳು ನಟ್ಟರೆ
ಬೈಗುಳ ನಮ್ಮೂರಿಗೆ.
ಇದೋ, ನೂರು ವರ್ಷ ಭಾನುವಾರಗಳನ್ನು ಹೊತ್ತು
ಇಲ್ಲೇ ಕೂತಿದ್ದರೂ
ಕನ್ನಡದಲ್ಲಿ ಯಾರೂ ಕರೆಯಲಿಲ್ಲ.

ಮೂರನೆಯ ರಾತ್ರಿ ಅಪ್ಪ ಒದ್ದೆಬಟ್ಟೆಯಲ್ಲಿ ಒರೆಸಿ
ಮೊಳೆಗಳನ್ನು ಅದರ ಮೇಲೇ ಮರೆತು ಮಲಗಿದ.
ಬೆಳಗ್ಗೆ ನೋಡಿದರೆ ಮೊಳೆಯಿದ್ದಲ್ಲೆಲ್ಲ ಕಪ್ಪು,
ನೇರಳೆ ತಿಂದ ನಾಲಿಗೆಯ ಕಪ್ಪು,
ಉಜ್ಜಿದಷ್ಟೂ ಬೆರಳಿಗೇ ಹತ್ತುವುದು.

ಬಾಣಂತಿ ನಾನು, ಒಳಮನೆಯ ಕಿಟಕಿಯಿಂದ ನೋಡುತ್ತಿದ್ದೆ.
ಸಾಣೆಕಲ್ಲಿನ ಮೇಲೆ ಬಜೆ ಎರಡು ಸುತ್ತು,
ಜಾಯಿಕಾಯಿ ಒಂದು, ಮಾಚಿಕಾಯಿ ಒಂದೂವರೆ
ತೇಯುತ್ತಿದ್ದ ಅಜ್ಜಿ
ಆ ಅರ್ಧ ಸುತ್ತಿನಲ್ಲೇ ಕೈ ನಿಲ್ಲಿಸಿ ಎದ್ದು ಬಂದಳು.
"ಈ ಕಪ್ಪು ನಂಗ ಗೊತ್ತು.
ಮಾಚಿಕಾಯಿಗೆ ಕಬ್ಬಿಣ ತಾಗಿದ್ರ ಹಿಂಗ ಆಗತೈತಿ.
ನಮ್ಮವ್ವ ಅದನ್ನ ಕಬ್ಬಿಣದ ಹತ್ರ ಸುಳಿಯಗೊಡತಿರಲಿಲ್ಲ."

ಗ್ರಂಧಿಗೆ ಅಂಗಡಿಗೆ ಹೋಗಿ ಕೇಳಿ ಬಂದ ಅಪ್ಪ.
ಹೌದಂತೆ. ಇದರ ದಾಯಾದಿ ಮರದ್ದೇ ಅಂತೆ.
ಅದು ಕಾಯಿಯೂ ಅಲ್ಲವಂತೆ:
ಎಳೆ ಚಿಗುರಿಗೆ ಕಣಜ ಚುಚ್ಚಿ ಮೊಟ್ಟೆಯಿಟ್ಟ ಗಾಯ,
ಆ ಗಾಯದ ಸುತ್ತ ಮರವೇ ಕಟ್ಟಿದ ತೊಟ್ಟಿಲು.

ಇನ್ನೂ ಹೆಸರಿಡದ ನನ್ನ ಮಗಳು
ಅಜ್ಜಿಯ ಬೆರಳಿನ ಒಗರಿಗೆ ಮುಖ ಕಿವುಚಿ
ಆಮೇಲೆ ಚೀಪಿದಳು.

ಮುರಿದ ಕಾಲಿಗೆ ಅಪ್ಪ ಜಾಲಿಯ ತುಂಡು ಕೂಡಿಸಿದ,
ಮೊಳೆಯಿಲ್ಲದೆ, ಬಿದಿರ ಗೂಟದಿಂದ.
ಲೆಕ್ಕದ ಪುಸ್ತಕದಲ್ಲಿ ಓಕ್ ಎಂದು ಬರೆದದ್ದನ್ನು ಹೊಡೆದುಹಾಕಿ
ಮಗ್ಗುಲಲ್ಲಿ ಬರೆದ:
ಚರ್ಚು. ಮಾಚಿಮರದ ಬೆಂಚು. ಕಾಲು ಒಂದು.
ದುಡ್ಡು ಬರಬೇಕು.