ಎರಡನೇ ಮೈಕು

ಕುಂಬಳೆ ಪೇಟೆಯಲ್ಲಿ ಬಲೆ ಮಾರುವ ಅಂಗಡಿಯ ಮೇಲೆ
ನಮ್ಮ ಕೇಬಲ್ ಚಾನೆಲ್ಲು. ಮೆಟ್ಟಿಲಿಗೆಲ್ಲ ನೈಲಾನಿನ ವಾಸನೆ.
ಶುಕ್ರವಾರ ಏಳೂಕಾಲಕ್ಕೆ ವಾರಿಜಕ್ಕ ಬರುವುದು,
ಚಪ್ಪಲಿ ಹೊರಗೆ ಬಿಡುವುದು,
"ಅಂದುಞಿ, ಎರಡನೇ ಮೈಕಿನ ಗುಂಯ್ ಹೋಯಿತಾ?" ಅನ್ನುವುದು.
ಹೋಗಿರುತ್ತಿರಲಿಲ್ಲ. ಎಂಟು ವರ್ಷದಿಂದ ಉಂಟು ಅದು.

ಆಮೇಲೆ ಅರ್ಧ ಗಂಟೆ ಊರಿನ ಮಾತು,
ಬಂಗುಡೆಯ ಬೆಲೆಯಿಂದ ಹಿಡಿದು ಮಂತ್ರಿಯ ಭಾಷಣದವರೆಗೆ,
ಕಾಗದ ನೋಡದೆ.
ಗಾಜಿನ ಈಚೆ ಕೂತು ನಾನು
ಹಸಿರು ಗೆರೆ ಏರುವುದನ್ನು, ಇಳಿಯುವುದನ್ನು ಕಾಯುತ್ತಿದ್ದೆ.
ಅವರ ದನಿ ಯಾವತ್ತೂ ಕೆಂಪು ಮುಟ್ಟಿದ್ದಿಲ್ಲ.
ಅವತ್ತೂ ಮುಟ್ಟಲಿಲ್ಲ, ಇದನ್ನು ಹೇಳುವಾಗ:

"ಕಡಪ್ಪುರದ ತಡೆಗೋಡೆಯನ್ನು ಮೊನ್ನೆ ನಡೆದು ಅಳೆದೆ.
ಕಡಲಿಗೆ ಬಿದ್ದ ಕಲ್ಲಿಗಿಂತ
ಬಿಲ್ಲಿಗೆ ಬಿದ್ದ ಕಲ್ಲೇ ಜಾಸ್ತಿ."

ಅಷ್ಟೇ. ಮುಂದಿನ ವಾಕ್ಯ ಬೂತಾಯಿಯ ಬಗ್ಗೆ.

ಒಂದೇ ರಾತ್ರಿ ನಲವತ್ತೊಂದು ಫೋನು.
ಸರಿಯಾಗಿ ಹೇಳಿದಿರಿ ಎಂದು ನಲವತ್ತು.
ಉಳಿದದ್ದು ಮುದಲಾಳಿಯದು.
ಕಲ್ಲು ಇಳಿಸಿದವನು ಅವರ ಅಳಿಯ ಎಂದು ಊರಿಗೆಲ್ಲ ಗೊತ್ತು.
ವಾರಿಜಕ್ಕನಿಗೂ ಗೊತ್ತಿತ್ತು.

ಮುದಲಾಳಿ ಸಿಟ್ಟಿನ ಮನುಷ್ಯ ಅಲ್ಲ. ಚಹಾ ತರಿಸಿದರು.
"ಬಾಯಿ ಮುಚ್ಚಿ ಎಂದು ನಾನು ಹೇಳಿದೆನಾ?
ಮಾತಾಡಲಿ. ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಲಿ, ಕಡಪ್ಪುರದಲ್ಲಿ ನಿಂತು ಮಾತಾಡಲಿ,
ಸಂವಿಧಾನ ಅವರಿಗೂ ಉಂಟು.
ಕುರ್ಚಿ ಮಾತ್ರ ನನ್ನದು."
ಆಮೇಲೆ ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು.

ಪ್ಯಾಸೆಂಜರ್ ರೈಲು ತಡವಾದ ದಿನಗಳೆಲ್ಲ
ಅವರು ತಡವಾದ ದಿನಗಳು.
ಹದಿನಾಲ್ಕು. ಅದರಲ್ಲಿ ಸುಳ್ಳು ಒಂದೂ ಇಲ್ಲ.
ಸಾಕ್ಷಿಗೆ ಒಬ್ಬರು ಬೇಕಿತ್ತು.
ನಾನು ಮೊದಲು ಅ ಬರೆದೆ, ಮತ್ತೆ ಉಳಿದದ್ದನ್ನೂ ಬರೆದೆ.
ಸೊಸೈಟಿಯಲ್ಲಿ ಸಾಲ ಇತ್ತು ಎನ್ನಬಹುದು.
ಇತ್ತು. ಆದರೆ ಸಹಿ ಹಾಕುವಾಗ ಅದರ ನೆನಪಿರಲಿಲ್ಲ,
ಚಹಾ ಆರುತ್ತದಲ್ಲ ಎಂಬ ನೆನಪಿತ್ತು.

ಕಾಗದ ಮಲಯಾಳದಲ್ಲಿತ್ತು. ನಾನೇ ಓದಿ ಹೇಳಬೇಕಾಯಿತು.
'ಅಚ್ಚಡಕ್ಕಂ' ಎಂಬಲ್ಲಿ ನಿಂತೆ.
ಶಿಸ್ತು ಎಂದರ್ಥ, ವಾರಿಜಕ್ಕ.
ಅವರು ಆ ಶಬ್ದವನ್ನು ಬಾಯಲ್ಲಿ ಒಮ್ಮೆ ಹೊರಳಿಸಿದರು:
"ಅಚ್ಚು. ಅಡಕ.
ಅಚ್ಚಿನೊಳಗೆ ಅಡಗಿ ಕೂತಿರು ಅಂತಲಾ ಮಾರಾಯ?
ಚಂದ ಉಂಟು ಶಬ್ದ."
ಕೆಳಗೆ ಸಾಕ್ಷಿಯ ಹೆಸರಿತ್ತು.
ಅದನ್ನು ನಾನು ಓದಿ ಹೇಳಬೇಕಾಗಲಿಲ್ಲ.
ಅದು ಕನ್ನಡದಲ್ಲಿತ್ತು.

ಮುಂದಿನ ಶುಕ್ರವಾರ ಫೋನು ಬರಲಿಲ್ಲ.
ಆ ನಲವತ್ತು ಜನ ಎಲ್ಲಿಗೆ ಹೋದರು ಎಂದು
ಕೇಳುವ ಬಾಯಿ ನನ್ನದಲ್ಲ.
ಈಗ ಆ ಅರ್ಧ ಗಂಟೆ ಅಡುಗೆಗೆ.
ಬರುವವನು ಒಳ್ಳೆಯ ಹುಡುಗ,
ಕಾಗದ ನೋಡಿ ಉಪ್ಪು ಹಾಕುತ್ತಾನೆ.

ಮೊನ್ನೆ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿದರು.
ಮಂಜೇಶ್ವರದಲ್ಲಿ ಟ್ಯೂಷನ್ ಅಂತೆ, ಹತ್ತು ಮಕ್ಕಳು,
ಒಬ್ಬನಿಗೆ ಒತ್ತಕ್ಷರ ಹತ್ತುವುದೇ ಇಲ್ಲವಂತೆ.
ನಾನು ಬಾಯಿ ತೆರೆದೆ. ಗೂಡ್ಸು ಬಂತು.
ಅದು ಮುಗಿಯುವವರೆಗೆ ಇಬ್ಬರೂ ಡಬ್ಬಿ ಎಣಿಸುವವರ ಹಾಗೆ ನಿಂತೆವು.

"ಆ ಗುಂಯ್ ಹೋಯಿತಾ ಅಂದುಞಿ?"
ಇಲ್ಲ ಎಂದೆ.
"ಮೈಕು ಸರಿ ಉಂಟು. ವೈರು ನೋಡು.
ಭೂಮಿಗೆ ಹೋಗಬೇಕಾದದ್ದು
ಭೂಮಿಗೆ ಹೋಗಿಲ್ಲ, ನಡುವೆ ಎಲ್ಲಿಯೋ ಬಿಟ್ಟಿದೆ."

ಕೈಚೀಲ ಹೆಗಲಿಗೇರಿಸಿದರು.
ಅವತ್ತು ಪ್ಯಾಸೆಂಜರ್ ಸರಿಯಾದ ಸಮಯಕ್ಕೆ ಬಂತು.