ಮೂರನೇ ಕಿಟಕಿ

ಸೊಹಾರಿನಲ್ಲಿ ಜೂನ್ ತಿಂಗಳ ಹನ್ನೊಂದು ಗಂಟೆಗೆ
ಗಾಜಿನಾಚೆ ಬಿಸಿಲಿಗೂ ಬೆವರು.
ಈಚೆ ನಾನು, ಹೆಗಲಿಗೆ ಶಾಲು,
ಎ.ಸಿ.ಯ ಚಳಿಗೆ ಸೆಟೆದ ಬೆರಳು,
ವಿಶ್ವವಿದ್ಯಾಲಯದ ದಾಖಲೆ ವಿಭಾಗ, ಮೂರನೇ ಕಿಟಕಿ.

ಹದಿನಾಲ್ಕು ವರ್ಷ.
ಯಾರು ಲೆಕ್ಕಶಾಸ್ತ್ರದಲ್ಲಿ ಮೂರು ಸಲ ಬಿದ್ದರು,
ಯಾರ ಶುಲ್ಕವನ್ನು ಯಾವ ದೂರದ ಚಿಕ್ಕಪ್ಪ ಕಟ್ಟಿದ,
ಯಾವ ಹುಡುಗ ಅರ್ಧ ವರ್ಷ ರಜೆ ಕೇಳಿ
ವೈದ್ಯರ ಚೀಟಿಯನ್ನು ಮಡಚಿ ಮಡಚಿ
ಬಸ್ ಟಿಕೆಟಿನಷ್ಟು ಮಾಡಿ ಕೊಟ್ಟ.
ಮೀನು ಮಾರ್ಕೆಟ್ಟಿನಲ್ಲಿ ಅವನೇ ಎದುರಾದರೆ
ನಾನು ಅಂಜಲ್ ಮೀನಿನ ಕಿವಿರು ಎತ್ತಿ ನೋಡುತ್ತೇನೆ,
ಅವನನ್ನಲ್ಲ.

ಗಂಡನಿಗೂ ಹೇಳಿಲ್ಲ.
ಊಟಕ್ಕೆ ಕೂತಾಗ ‘ಇವತ್ತೇನು ವಿಶೇಷ’ ಎಂದರೆ
ಪ್ರಿಂಟರ್ ಕೆಟ್ಟಿತ್ತು ಅನ್ನುತ್ತೇನೆ.
ನಮ್ಮ ಮನೆಯ ಮಾತಿನಲ್ಲಿ ಆ ಪ್ರಿಂಟರಿನಷ್ಟು ಕೆಟ್ಟದ್ದು
ಬೇರೊಂದಿಲ್ಲ.

ಆ ದಿನ ಬಂದವರನ್ನು ಶೀನಣ್ಣ ಎನ್ನೋಣ.
ಅದು ಅವರ ಹೆಸರಲ್ಲ.
ಬಂದರಿನಲ್ಲಿ ಕ್ರೇನಿನ ಕೆಲಸ ಎನ್ನೋಣ, ಅದೂ ಅಲ್ಲ.
ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟ ಕಣ್ಣು,
ಅದು ಮಾತ್ರ ನಿಜ.
ಜೇಬಿನಲ್ಲಿ ಕವರು, ಕವರಿನಲ್ಲಿ ರಿಯಾಲು,
ಮುಂದಿನ ಸೆಮಿಸ್ಟರಿನ ಫೀಸು.
ಇಂಗ್ಲಿಷಿನಲ್ಲಿ ಶುರುಮಾಡಿದವರು
ನನ್ನ ಬಿಲ್ಲೆಯ ಮೇಲೆ ‘ಖಾರ್ವಿ’ ಎಂದು ಓದಿ
ತಟ್ಟನೆ ಊರಿಗಿಳಿದರು:

“ಹ್ವಾಯ್, ನೀವ್ ಗಂಗೊಳ್ಳಿ ಬದಿಯವ್ರ್ ಅಲ್ದಾ?
ಕಾಣಿ, ಹೆಣ್ಣ್ ಫೋನಿಗೆ ಸಮಾ ಮಾತಾಡುದಿಲ್ಲ.
ಪಾಸಾ ಫೇಲಾ, ಒಂದ್ ಮಾತ್.
ನಮ್ಮೋರೇ ಅಲ್ದಾ.”

ಹದಿನಾಲ್ಕು ವರ್ಷದಲ್ಲಿ ಈ ಗಾಜಿಗೆ
ಆ ‘ಹ್ವಾಯ್’ ತಾಗಿದ್ದು ಅದೇ ಮೊದಲು.
ಗೊಂಚಲಿನಲ್ಲಿ ಕೈಗೆ ಸಿಕ್ಕ ಕೀ ತಿರುಗಿಸಿದ್ದರು,
ಬೀಗ ಅರ್ಧ ತೆರೆದೇಬಿಟ್ಟಿತ್ತು.

ಪರದೆಯ ಮೇಲೆ ಅವಳ ಪುಟ.
‘ಪೋಷಕರಿಗೆ ತಿಳಿಸಬಹುದೇ?’
ಎದುರಿನ ಚೌಕ ಖಾಲಿ.
ಮರೆತು ಬಿಟ್ಟದ್ದಲ್ಲ,
ಒಮ್ಮೆ ಗುರುತು ಹಾಕಿ ಆಮೇಲೆ ತೆಗೆದದ್ದು,
ವೇಳೆ ಸಮೇತ: ರಾತ್ರಿ ಎರಡೂ ಇಪ್ಪತ್ತು.
(ಇಷ್ಟನ್ನೂ ಹೇಳಬಾರದಿತ್ತು.
ಉಳಿದ ಸಾಲುಗಳಲ್ಲಿ ಏನಿತ್ತೆಂದು
ನೀವೂ ಕೇಳಬೇಡಿ.)

“ಅವಳು ಒಪ್ದೆ ಆತಿಲ್ಲೆ” ಎಂದೆ.
ಇಂಗ್ಲಿಷಿನಲ್ಲಿ ಹೇಳಿದ್ದರೆ ನಿಯಮ ಅನ್ನಿಸುತ್ತಿತ್ತು,
ಊರಿನ ಮಾತಿನಲ್ಲಿ
ಬೈಗುಳದ ಹಾಗೆ ಬಿತ್ತು.

“ಫೀಸ್ ಕಟ್ಟುದ್ ನಾನ್.”
“ಹೌದು.”
“ಸಾಕದ್ದ್ ನಾವ್.”
“ಹೌದು.”
“ಹಂಗಾರೆ ಈ ದುಡ್ಡಾರೂ ತಕಣಿ.”

ಇಲ್ಲಿ ಸಿಕ್ಕಿಬಿದ್ದೆ.
ತೆಗೆದುಕೊಂಡರೆ ಒಂದು ಉತ್ತರ,
ಬೇಡವೆಂದರೆ ಇನ್ನೊಂದು.
ಯಾವ ನಿಯಮಪುಸ್ತಕವೂ ಮುಖದ ಬಗ್ಗೆ ಬರೆದಿಲ್ಲ:
ಹುಬ್ಬನ್ನು ಎಲ್ಲಿಡಬೇಕು,
ಎಷ್ಟು ಹೊತ್ತು ಪರದೆ ನೋಡಬೇಕು,
ಉಗುಳು ಯಾವಾಗ ನುಂಗಬೇಕು.
“ಇಲ್ಲಿ ಕ್ಯಾಶ್ ತಕಣುದಿಲ್ಲ. ಅವಳನ್ನೇ ಕೇಳಿ.”

ಕಡಲಿಗಿಳಿಯುವ ಮುಂಚೆ ಬಾನು ನೋಡುವವರ ಹಾಗೆ
ಅವರು ನನ್ನ ಮುಖ ನೋಡಿದರು.
ಏನು ಓದಿಕೊಂಡರೋ.
ಕವರು ಜೇಬಿಗೆ ಹೋಯಿತು.

ಮರುದಿನ ಅವಳೇ ಬಂದಳು.
ಐಡಿ ಕಾರ್ಡಿನ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು,
ಬಿಟ್ಟು,
“ಮೇಡಂ, ನಿನ್ನೆ ನಮ್ಮಪ್ಪ ಬಂದಿದ್ರಾ?”

ಬಂದುಹೋದವರ ಪುಸ್ತಕವೂ ದಾಖಲೆಯೇ.
ಆ ಕವರು, ಅದರ ಮೂಲೆಯ ಬೆವರಿನ ಕಲೆ,
ಕಿಟಕಿ ಬಿಟ್ಟ ಮೇಲೆ ಕೂಲರಿನ ಹತ್ತಿರ
ತುಂಬಿದ ಲೋಟ ಹಿಡಿದು
ಕುಡಿಯದೆ ನಿಂತ ಏಳೆಂಟು ನಿಮಿಷ,
ಅದೂ ಒಬ್ಬರದು,
ಅವರದ್ದೇ.
“ಅಪ್ಪನನ್ನೇ ಕೇಳು” ಎಂದೆ.

ಆ ಮಧ್ಯಾಹ್ನ ಪ್ರಿಂಟರ್ ನಿಜವಾಗಿಯೂ ಕೆಟ್ಟಿತು.
ಮನೆಗೆ ಹೋಗಿ ಹೇಳಿದೆ.
ಗಂಡ ನಂಬಲಿಲ್ಲ.