ಡೆಬಿಟ್ಟು

ಇದರಾಗ ಎಲ್ಲಾ ಅದ, ತಗೋ.
ಕೆಂಪು ರಟ್ಟಿನ ಠರಾವು ಪುಸ್ತಕ, ಬೆನ್ನು ಹರದದ,
ಪಾರ್ಸಲ್ಲಿಗೆ ಹಚ್ಚೋ ಅಂಟಿಲೇ ಎರಡು ಸಲ ಅಂಟಿಸೀನಿ.
ಮೊದಲ ಪುಟ ನೋಡು: ಏಳು ಸಹಿ,
ಒಂದು ಉರ್ದುದಾಗ, ಒಂದು ಮೋಡಿದಾಗ.

ಸಂಘ ಹುಟ್ಟಿದ್ದು ನಿಂಬಿಹಣ್ಣಿನಿಂದ.
ಇಂಡಿ ರೋಡಿನಾಗ ಹೇರಿದ ಹದಿನೆಂಟು ಬುಟ್ಟಿ
ಸೊಲ್ಲಾಪುರ ದಾಟಿ ಎಲ್ಲೋ ಬಿಸಲಾಗ ನಿಂತು ಕೊಳತವು.
ವ್ಯಾಗನ್ನಿಗೆ ಡೆಬಿಟ್ಟು ಇಲ್ಲ, ಬಿಸಲಿಗೆ ಡೆಬಿಟ್ಟು ಇಲ್ಲ,
ಚೀಟಿ ಬರದ ಕೈಗೆ ಅದ.
ಎಂಟು ತಿಂಗಳಾದ ಮ್ಯಾಲೆ ಹಿಸಾಬ ಕಚೇರಿಯಿಂದ ಕಾಗದ:
ಮಲಿಕಸಾಬ ಇನಾಮದಾರ, ಪಾರ್ಸಲ್ ಕ್ಲಾರ್ಕ್,
ಮೂವತ್ತೊಂಬತ್ತು ರೂಪಾಯಿ, ಪಗಾರದಾಗ ಮುರಕೊಳ್ಳಿ.
ಅವನ ಪಗಾರ ತೊಂಬತ್ತು ಇರಲಿಲ್ಲ.

ವಿಜಾಪುರದ ಗೂಡ್ಸ್ ಶೆಡ್ಡಿನ ಹಿಂದ, ಶೇಂಗಾ ಚೀಲದ ಮ್ಯಾಲೆ ಕುಂತು
ಏಳು ಮಂದಿ ನಾಕಾಣೆ ನಾಕಾಣೆ ಹಾಕಿದರು.
ಹಮಾಲರು ನಕ್ಕರಂತ:
"ಪೆನ್ನು ಹಿಡದಾವರಿಗೂ ಸಂಘ ಬೇಕೇನ್ರಿ?"
ಅವರ ಸಂಘ ನಮಗಿಂತ ಹತ್ತು ವರ್ಷ ಹಿರೇದು.
ಅವರ ಲಾಟೀನೇ ಕಡಾ ತಂದು ಮೊದಲ ಠರಾವು ಬರದದ್ದು.
ಎಣ್ಣಿ ಕಲೆ ಅಲ್ಲೇ ಅದ, ನೋಡು, ಎರಡನೇ ಸಾಲಿನ ಮ್ಯಾಲೆ.

ನಾ ಬಂದದ್ದು ಅರವತ್ತೊಂದರಾಗ.
ಗುಂಬಜ್ ನೋಡಾಕ ಬಂದು ಹೊಂಟವರಿಗೆ ರಟ್ಟಿನ ಟಿಕೆಟ್ ಕೊಡತಿದ್ದೆ.
ಅಲ್ಲಿ ಒಂದು ಮಾತಿಗೆ ಏಳು ಸಲ ಉತ್ತರ;
ಇಲ್ಲಿ ಏಳು ಅರ್ಜಿ ಬರದರ ಒಂದೂ ಇಲ್ಲ.
ಆದರೂ ಬಂತು. ಕುರ್ಚಿಗೆ ಬೆನ್ನು ಬಂತು, ರಾತ್ರಿಪಾಳಿಗೆ ಫ್ಯಾನು ಬಂತು,
ಡೆಬಿಟ್ಟು ಹಾಕೂ ಮೊದಲ ಅವನನ್ನ ಕೇಳಬೇಕು
ಅನ್ನೋ ಒಂದು ಸಾಲು ಬಂತು.
ಆ ಸಾಲಿಗೆ ಒಂಬತ್ತು ವರ್ಷ ಹಿಡೀತು,
ಅಷ್ಟರಾಗ ಮಲಿಕಸಾಬ ರಿಟೈರ್ ಆಗಿದ್ದ.

ಎಪ್ಪತ್ತನಾಕು, ಮೇ.
ಇಪ್ಪತ್ತು ದಿನ. ಹಳಿ ಮ್ಯಾಲೆ ಆಡು ಮಲಗತಿದ್ದವು.
ಹಗಲು ನಾ ಷಡ್ಡಕನ ಖಾಲಿ ಹಗೇದಾಗ,
ತೊಡಿ ಮ್ಯಾಲೆ ಪರಿಹಾರ ನಿಧಿಯ ಡಬ್ಬಿ;
ರಾತ್ರಿ ಕ್ವಾರ್ಟರ್ಸಿನ ಮನಿ ಮನಿಗೆ ಐದೈದು ರೂಪಾಯಿ.
ಆರನೇ ದಿನ ಅಂಬಾದಾಸ ಕೋಪರ್ಡೆ ಡ್ಯೂಟಿಗೆ ಹೋದ.
ಅವನ ಹೆಸರು ಹೊಡದು ಹಾಕೀವಿ, ಗೆರಿ ನಂದ.
ಚಹಾದಂಗಡಿಯಾಗ ಅವನ ಕಪ್ಪು ಬ್ಯಾರೆ ಇಟ್ಟರು.

ಮುಷ್ಕರ ಮುಗದ ಮ್ಯಾಲೆ ಡಬ್ಬಿ ಎಣಿಸಿದರು.
ಹನ್ನೊಂದು ರೂಪಾಯಿ ನಲವತ್ತು ಪೈಸೆ ಕಮ್ಮಿ.
ಖಜಾಂಚಿ ನಾ.
ಓದು, ಗಟ್ಟಿಯಾಗಿ ಓದು, ನನಗ ಕಣ್ಣು ಹತ್ತೂದಿಲ್ಲ:
"ಸದರೀ ಮೊತ್ತವನ್ನು ಖಜಾಂಚಿಯವರಿಂದ ವಸೂಲು ಮಾಡತಕ್ಕದ್ದೆಂದು
ಸರ್ವಾನುಮತದಿಂದ ಠರಾಯಿಸಲಾಯಿತು."
ಸರ್ವಾನುಮತ. ನಾನೂ ಕೈ ಎತ್ತಿದ್ದೆ.
ಮೊದಲ ಕೇಳಬೇಕು ಅನ್ನೋ ಸಾಲು
ಯಾರಿಗೂ ನೆನಪಾಗಲಿಲ್ಲ.

ಕೇಳಿದ್ದರ ಹೇಳತಿದ್ದೆನೋ ಇಲ್ಲೋ.
ಓಣಿಯ ಕಡೀ ಮನಿ ಕೋಪರ್ಡೇದು.
ಕೂಸಿನ ಉಸರು ರಸ್ತಾದ ತನಕ ಕೇಳಸತಿತ್ತು,
ದಿಣ್ಣಿ ಏರೋ ಇಂಜಿನ್ನಿನಂಗ.
ಅಂವ ಡ್ಯೂಟಿ ಮ್ಯಾಲೆ, ಪಗಾರ ಒಂದನೇ ತಾರೀಖಿಗೆ.
ಕಿಡಕಿಯಾಗ ಇಟ್ಟು ಬಂದೆ. ರಸೀದಿ ಹರೀಲಿಲ್ಲ.

ಇದನ್ನ ಬರಕೋಬ್ಯಾಡ.
ಪುಸ್ತಕದಾಗ ಲೆಕ್ಕ ಸರಿ ಅದ, ಐವತ್ತು ವರ್ಷದಿಂದ ಸರಿ ಅದ.
ಆ ಲಾಟೀನು ಮಾತ್ರ
ಹಮಾಲರಿಗೆ ತಿರಗಿ ಕೊಟ್ಟೇವೋ ಇಲ್ಲೋ,
ಅದೊಂದು ನೋಡು, ಎಲ್ಲಾದರೂ ಬರದದೇನು.